ದವಾಖಾನೆಯ ಚೀಟಿಯಲ್ಲಿ ಹಸಿವಿಗೆ ಹೆಸರಿಲ್ಲ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಸಂಕೇಶ್ವರದ ಸುತ್ತಲಿನ ರಸ್ತೆಗಳಿಗೆ ಹಗಲಿಲ್ಲ, ಇರುಳಿಲ್ಲ. ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ಕಾರಖಾನೆಗಳ ಕಡೆಗೆ ಸಾಲುಹಿಡಿದು ಹೊರಡುತ್ತವೆ. ಆ ಕಬ್ಬನ್ನು ಕಡಿದವರು ಯಾರು, ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಅವರ ಕೂಸುಗಳು ಏನನ್ನು ಉಣ್ಣುತ್ತವೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕಬ್ಬಿನ ದರದ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಈ ವಾರ ಒಂದು ಕೂಸಿನ ಬಗ್ಗೆ ಬರೆಯಬೇಕಾಗಿದೆ.

ಕಳೆದ ಹಂಗಾಮಿನ ಮಾತು. ಊರ ಹೊರಗೆ ಕಬ್ಬು ಕಡಿಯುವ ಗ್ಯಾಂಗಿನವರು ಹಾಕಿಕೊಂಡಿದ್ದ ಗುಡಿಸಲುಗಳಿಂದ ಒಬ್ಬ ತಾಯಿ ತನ್ನ ಹದಿನಾಲ್ಕು ತಿಂಗಳ ಹೆಣ್ಣುಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೆದ್ದಾರಿಯ ಬದಿಗೆ ನಿಂತಿದ್ದಳು. ವಿಜಾಪುರದ ಕಡೆಯವಳು. ನಾನೂ ಮತ್ತೊಬ್ಬ ಸಾಥಿಯೂ ಸೇರಿ ಅವಳನ್ನು ದವಾಖಾನೆಗೆ ಕರೆದೊಯ್ದೆವು. ಯಾವ ದವಾಖಾನೆ ಎಂಬುದು ಮುಖ್ಯವಲ್ಲ. ಎಲ್ಲ ಕಡೆಗೂ ಇದೇ ಕಥೆ. ಕೂಸಿನ ತೂಕ ಆರು ಕಿಲೋ ತುಂಬಿರಲಿಲ್ಲ. ಕೈಕಾಲು ಕಡ್ಡಿಯಂತೆ, ಪಾದ ಮಾತ್ರ ಬಾತಿದ್ದವು. ಎಷ್ಟು ದಿನದಿಂದ ಹೀಗಿದೆ ಎಂದು ಡಾಕ್ಟರರು ಕೇಳಿದರು.

"ನಾಕು ದಿನಾ ಆತ್ರೀ ಸಾಹೇಬ್ರ. ಉಸರ ಎಳೀತಿತ್ತು. ಖರೇ ಮೈ ಬಿಸಿ ಇದ್ದಿದ್ದಿಲ್ರಿ, ತಣ್ಣಗಿತ್ತು. ಜ್ವರಾ ಇಲ್ಲಂತ ಸುಮ್ಮನಿದ್ವಿ."

ಡಾಕ್ಟರರು ಇನ್ನೂ ಚಿಕ್ಕ ವಯಸ್ಸಿನವರು. ಬೈಯಲಿಲ್ಲ. "ಅವ್ವಾ, ಜ್ವರ ಬರಾಕೂ ಮೈಯಾಗ ಕಸುವು ಬೇಕು" ಎಂದಷ್ಟೇ ಹೇಳಿ ದಾದಿಯನ್ನು ಕೂಗಿದರು.

ಎಂಟನೆಯ ದಿನಕ್ಕೆ ಕೂಸು ಬದುಕಿ ಹೊರಗೆ ಬಂತು. ಬಿಡುಗಡೆಯ ಚೀಟಿ ಬರೆದವರು ಬೇರೆಯವರು. ಅದರಲ್ಲಿ "ನ್ಯುಮೋನಿಯಾ, ಗುಣಮುಖ" ಎಂದಿತ್ತು. ತೂಕ ಎಂಬ ಮಾತಿನ ಮುಂದಿನ ಜಾಗ ಖಾಲಿಯಿತ್ತು. ಆ ಕೂಸು ಸತ್ತಿದ್ದರೂ ಸರಕಾರದ ದಫ್ತರದಲ್ಲಿ ನ್ಯುಮೋನಿಯಾ ಎಂಬ ಒಂದೇ ಮಾತು ದಾಖಲಾಗುತ್ತಿತ್ತು. ಹಸಿವು ಎಂಬುದಕ್ಕೆ ಆ ದಫ್ತರದಲ್ಲಿ ಜಾಗವೇ ಇಲ್ಲವೇನೋ ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಾರೆ. ಜಾಗವಿದೆ, ಬರೆಯುವವರಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು, ಜ್ವರಕ್ಕೂ ಕಸುವು ಬೇಕೆಂಬ ಡಾಕ್ಟರರ ಮಾತನ್ನು ಬಿಡಿಸಿ ನೋಡಬೇಕು. ಹಸಿವು ಬೇರೆ, ರೋಗ ಬೇರೆ, ಹಸಿವು ಅಂಗನವಾಡಿಯ ಖಾತೆಗೆ, ರೋಗ ಆರೋಗ್ಯ ಖಾತೆಗೆ ಎಂದು ಹಂಚಿಕೊಂಡು ಕುಳಿತಿರುವ ವ್ಯವಸ್ಥೆಯ ಬುಡ ಇಲ್ಲಿಯೇ ಅಲುಗಾಡುತ್ತದೆ.

ಉರಿಯೂತ ಎಂಬ ಮಾತಿನಲ್ಲಿ ಉರಿಯೂ ಇದೆ, ಊತವೂ ಇದೆ. ಗಾಯವಾದಲ್ಲಿ ಕೆಂಪಗಾಗಿ, ಬಿಸಿಯಾಗಿ, ಬಾತುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ರೋಗಾಣು ಪುಪ್ಪುಸಕ್ಕೆ ಇಳಿದಾಗ, ರಕ್ತಕ್ಕೆ ನಂಜೇರಿದಾಗ, ಅದೇ ಉರಿ ಇಡೀ ಮೈಗೆ ಹಬ್ಬುತ್ತದೆ. ಅದು ನಮ್ಮ ವೈರಿಯಲ್ಲ, ದೇಹ ತಾನಾಗಿ ಎಬ್ಬಿಸಿದ ದಂಡು. ಆದರೆ ದಂಡಿಗೂ ಪಡಿ ಬೇಕಲ್ಲ? ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಏರುತ್ತದೆ. ಅದೇ ಹೊತ್ತಿಗೆ ಬಾಯಿ ಕಟ್ಟುತ್ತದೆ, ಕೂಸು ಎದೆ ಹಾಲನ್ನೂ ಒಲ್ಲೆನ್ನುತ್ತದೆ. ಇದು ಕೂಸಿನ ಹಟವಲ್ಲ. ಉರಿಯೂತದ ರಸಗಳು ಮಿದುಳಿಗೆ ಹೋಗಿ ಹಸಿವನ್ನೇ ಅಡಗಿಸುತ್ತವೆ. ಆದಾಯ ನಿಂತು ಖರ್ಚು ಏರಿದ ಸಂಸಾರ ಏನು ಮಾಡುತ್ತದೆ? ಮನೆಯ ಪಾತ್ರೆ ಮಾರುತ್ತದೆ. ದೇಹ ತನ್ನ ಸ್ನಾಯುಗಳನ್ನು ಕರಗಿಸುತ್ತದೆ.

ಈ ಮಾರಾಟದಲ್ಲಿಯೂ ನಷ್ಟವೇ. ಉರಿಯೂತದ ಕಾಲದಲ್ಲಿ ಯಕೃತ್ತು ಅಲ್ಬುಮಿನ್ ಎಂಬ ಎಂದಿನ ಪ್ರೋಟೀನನ್ನು ಕಡಿಮೆ ಮಾಡಿ, ಸಿ.ಆರ್.ಪಿ. ಮುಂತಾದ ಯುದ್ಧದ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಸ್ನಾಯುವಿನಿಂದ ಕಿತ್ತ ಇಟ್ಟಂಗಿಗಳು ಈ ಹೊಸ ಕಟ್ಟಡದ ಅಳತೆಗೆ ಸರಿಹೊಂದುವುದಿಲ್ಲ. ಆದ್ದರಿಂದ ಒಂದು ಪಾಲು ಕಟ್ಟಲು ಒಂದಕ್ಕಿಂತ ಹೆಚ್ಚು ಪಾಲು ಕೆಡವಬೇಕಾಗುತ್ತದೆ. ದೊಡ್ಡವರ ಮೈಯಲ್ಲಿ ಕೆಡವಲು ಏನಾದರೂ ಇರುತ್ತದೆ. ಆರು ಕಿಲೋ ತುಂಬದ ಕೂಸಿನಲ್ಲಿ ಕೆಡವುವುದೇನು? ಉಸಿರೆಳೆಯುವ ಸ್ನಾಯುವನ್ನೇ ಕೆಡವಬೇಕು, ಹೃದಯವನ್ನೇ ತೆಳ್ಳಗೆ ಮಾಡಬೇಕು. ಕಬ್ಬಿಣದ ಅಂಶವನ್ನೂ ದೇಹ ಈ ಹೊತ್ತಿನಲ್ಲಿ ಒಳಗೆ ಬಚ್ಚಿಡುತ್ತದೆ, ರೋಗಾಣುವಿಗೆ ಸಿಗದಿರಲೆಂದು. ಅಂಥ ಕೂಸಿಗೆ ಕಬ್ಬಿಣದ ಔಷಧಿ ಕುಡಿಸಿ "ರಕ್ತ ಏರಲಿಲ್ಲ, ತಾಯಿ ಸರಿಯಾಗಿ ಕುಡಿಸಿಲ್ಲ" ಎಂದು ತಾಯಿಯನ್ನು ಗದರಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದು ನಡುಮಟ್ಟಿಗೆ ಉಂಡುಟ್ಟ ಮಗುವಿನ ಕಥೆಯಾಯಿತು. ಮೊದಲೇ ಸೊರಗಿದ ಕೂಸಿನಲ್ಲಿ ವಿಷಯ ಇನ್ನೂ ವಿಪರೀತ. ಬೇಕಾದಾಗ ಬೆಂಕಿ ಹೊತ್ತುವುದಿಲ್ಲ. ಬೇಡವಾದಾಗ ಒಳಗೊಳಗೇ ಹೊಗೆಯಾಡುತ್ತದೆ. ಹೊಲಸು ನೀರು, ಹೊಲಸು ನೆಲ, ಮೇಲಿಂದ ಮೇಲೆ ಭೇದಿ, ಇವುಗಳಿಂದ ಕರುಳಿನ ಒಳಗೋಡೆ ಸವೆದು, ಸಣ್ಣ ಉರಿಯೊಂದು ವರ್ಷಗಟ್ಟಲೆ ಉರಿಯುತ್ತಿರುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಎತ್ತರ ಏರುವುದಿಲ್ಲ. 2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ, ಘಟಪ್ರಭೆಗಳು ಉಕ್ಕಿ ಮನೆಗಳೊಳಗೆ ಕೆಸರು ಹೊಕ್ಕದ್ದನ್ನು ಕಂಡವರಿಗೆ ಹೊಲಸು ನೀರಿನ ಮಾತನ್ನು ಮತ್ತೆ ಹೇಳಬೇಕಾಗಿಲ್ಲ. ಆದರೆ ನಿಜವಾದ ರೋಗಾಣು ದಾಳಿಯಿಟ್ಟಾಗ ಇದೇ ಕೂಸು ಜ್ವರವನ್ನೂ ಎಬ್ಬಿಸಲಾರದು. ಮೈ ತಣ್ಣಗಾಗುತ್ತದೆ, ಸಕ್ಕರೆಯ ಅಂಶ ಇಳಿಯುತ್ತದೆ, ಕೂಸು ಅಳುವುದನ್ನು ಬಿಡುತ್ತದೆ. ಗುಡಿಸಲಿನಲ್ಲಿ ತಾಯಿ "ಜ್ವರ ಇಲ್ಲ, ಮಲಗಿದೆ" ಎಂದುಕೊಳ್ಳುತ್ತಾಳೆ. ಆ ತಾಯಿಯದು ಅಜ್ಞಾನವೆನ್ನುವ ಪಂಡಿತರು ನೆನಪಿಡಲಿ: ತೀರ ಸೊರಗಿದ ಮಗುವಿನಲ್ಲಿ ಜ್ವರವಿಲ್ಲದೆಯೂ ನಂಜು ಇರಬಹುದೆಂದೇ, ದವಾಖಾನೆಗೆ ಸೇರಿದ ಅಂಥ ಪ್ರತಿಯೊಂದು ಮಗುವಿಗೂ ಜೀವಿರೋಧಕ ಔಷಧಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಫ್ರಿಕದ ಮಲಾವಿಯಲ್ಲಿ 2,767 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮನೆಯಲ್ಲೇ ಇದ್ದು ಬರೀ ಪೌಷ್ಟಿಕ ಆಹಾರ ಪಡೆದವರಲ್ಲಿ ನೂರಕ್ಕೆ 7.4 ಮಕ್ಕಳು ಸತ್ತರೆ, ಜೊತೆಗೆ ಅಮಾಕ್ಸಿಸಿಲಿನ್ ಪಡೆದವರಲ್ಲಿ 4.8 ಮಕ್ಕಳು ಸತ್ತರು. ಅವು ಮೇಲುನೋಟಕ್ಕೆ ಯಾವ ತೊಡಕೂ ಇಲ್ಲದ, ಹಸಿದ ಮಕ್ಕಳು ಅಷ್ಟೇ.

ಈ ನಂಟು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. 1930ರ ದಶಕದಲ್ಲಿಯೇ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ಡಾಕ್ಟರಮ್ಮ ಮೈ ಬಾತ ಮಕ್ಕಳ ರೋಗಕ್ಕೆ ಅಲ್ಲಿಯ ತಾಯಂದಿರೇ ಇಟ್ಟಿದ್ದ ಹೆಸರನ್ನು ಜಗತ್ತಿಗೆ ತಿಳಿಸಿದರು: ಕ್ವಾಶಿಯೋರ್ಕರ್. ಮತ್ತೊಂದು ಕೂಸು ಹುಟ್ಟಿದಾಗ ಎದೆ ಬಿಟ್ಟ ಮೊದಲ ಕೂಸಿಗೆ ಬರುವ ರೋಗ ಎಂದು ಅದರ ಅರ್ಥ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಪೋಷಣೆ ಮತ್ತು ಸೋಂಕುಗಳ ಪರಸ್ಪರ ಸಂಬಂಧದ ಬಗ್ಗೆ ಸ್ಕ್ರಿಮ್‌ಶಾ ಮತ್ತು ಅವರ ಸಂಗಡಿಗರ ದೊಡ್ಡ ಗ್ರಂಥವನ್ನು ಹೊರತಂದಿತು. ತಿಳಿದೂ ತಿಳಿಯದವರಂತೆ ನಾವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದೇವೆ.

ಸರಿ, ದವಾಖಾನೆಯಲ್ಲಿಯೇ ಚೆನ್ನಾಗಿ ಉಣಿಸಿ ಕಳಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಹಾಗಾಗುವುದಿಲ್ಲ. ನಂಜಿನ ಉರಿಯಲ್ಲಿರುವ ಕೂಸಿಗೆ ಏಕಾಏಕಿ ಹೊಟ್ಟೆ ತುಂಬ ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಕುತ್ತು. ತೆಳ್ಳಗಾದ ಹೃದಯ ಸಲೈನಿನ ಭಾರವನ್ನೂ ಸಲೀಸಾಗಿ ತಡೆಯದು. ಅದಕ್ಕೇ ಮೊದಲ ದಿನಗಳಲ್ಲಿ ಹಾಲು, ಸಕ್ಕರೆ, ಎಣ್ಣೆ ಬೆರೆಸಿದ ತಿಳಿಯಾದ ಆಹಾರವನ್ನು ಎರಡು-ಮೂರು ತಾಸಿಗೊಮ್ಮೆ ಗುಟುಕು ಗುಟುಕಾಗಿ ಕೊಡುತ್ತಾರೆ, ರಾತ್ರಿಯೂ ಎಬ್ಬಿಸಿ ಕೊಡುತ್ತಾರೆ. ಬೆಲ್ಜಿಯಂ, ನೆದರ್ಲೆಂಡ್ಸ್, ಕೆನಡಾಗಳ ತೀವ್ರ ನಿಗಾ ಘಟಕಗಳಲ್ಲಿ 1,440 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಬಲ್ಲವರನ್ನೂ ಬೆರಗುಗೊಳಿಸಿತು. ನರದ ಮೂಲಕ ಆಹಾರವನ್ನು ಮೊದಲ ದಿನದಿಂದಲೇ ಹರಿಸಿದ ಮಕ್ಕಳಲ್ಲಿ ನೂರಕ್ಕೆ 18.5 ಮಂದಿಗೆ ಹೊಸ ಸೋಂಕು ತಗಲಿತು. ಒಂದು ವಾರ ಅದನ್ನು ತಡೆದವರಲ್ಲಿ 10.7 ಮಂದಿಗೆ ಮಾತ್ರ. ಅಲ್ಲಿ ದುಡ್ಡಿಗೆ ಕೊರತೆಯಿರಲಿಲ್ಲ, ಯಂತ್ರಕ್ಕೆ ಕೊರತೆಯಿರಲಿಲ್ಲ. ಉರಿ ಜೋರಾಗಿರುವಾಗ ದೇಹ ಕಟ್ಟುವ ಕೆಲಸವನ್ನೇ ನಿಲ್ಲಿಸಿರುತ್ತದೆ, ಅಷ್ಟೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು? ಕೂಸಿಗೆ ಸಲ್ಲಬೇಕಾದ ಊಟ ದವಾಖಾನೆಗೆ ಬರುವ ಮೊದಲೇ ಸಲ್ಲಬೇಕು, ದವಾಖಾನೆಯಿಂದ ಹೋದ ಮೇಲೆಯೂ ಸಲ್ಲಬೇಕು.

ಈಗ ಚೀಟಿಯ ಮಾತು. 2009ರಿಂದ 2011ರವರೆಗಿನ ಅವಧಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ 2,689 ಮಕ್ಕಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದು ನಾಡು ತಲ್ಲಣಿಸಿದ್ದು ನೆನಪಿದೆಯಷ್ಟೆ? ಆಗ ಎದ್ದ ವಾದವೇನು? ಇವೆಲ್ಲ ಅಪೌಷ್ಟಿಕತೆಯ ಸಾವುಗಳಲ್ಲ, ಬೇರೆ ಬೇರೆ ರೋಗಗಳ ಸಾವುಗಳು ಎಂದು. ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಆ ವಾದ ಮಾತ್ರ ಇಂದಿಗೂ ಸತ್ತಿಲ್ಲ. ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಅರ್ಧದಷ್ಟರ ಹಿಂದೆ ಪೋಷಣೆಯ ಕೊರತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ, ನಮ್ಮ ಊರುಗಳ ಮರಣದ ದಾಖಲೆಗಳಲ್ಲಿ ನ್ಯುಮೋನಿಯಾ, ಭೇದಿ, ನಂಜು ಇವೇ ಮೆರೆಯುತ್ತವೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ದವಾಖಾನೆಯಲ್ಲಾದ ಸಾವಿಗೆ ಡಾಕ್ಟರರು ತುಂಬುವ ನಾಲ್ಕನೆಯ ನಮೂನೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ಸಾವಿಗೆ ನೇರವಾದ ಕಾರಣ, ಅದರ ಹಿಂದಿನ ಕಾರಣ, ಅದಕ್ಕೂ ಹಿಂದಿನ ಕಾರಣ. ಎರಡನೆಯದರಲ್ಲಿ ಸಾವಿಗೆ ನೆರವಾದ ಇತರ ಸ್ಥಿತಿಗಳು. ಹಸಿವಿಗೆ ಜಾಗವಿದೆ ಎಂದೆನಲ್ಲ, ಇದೇ ಆ ಜಾಗ. ಅಲ್ಲಿ "ತೀವ್ರ ಅಪೌಷ್ಟಿಕತೆ" ಎಂಬ ಎರಡು ಮಾತು ಬರೆಯಲು ಯಾವ ಹೊಸ ಕಾನೂನೂ ಬೇಕಿಲ್ಲ, ಕಾಸೂ ಬೇಕಿಲ್ಲ. ಬರೆದರೆ ಮೇಲಿನವರು ಉತ್ತರ ಹೇಳಬೇಕಾಗುತ್ತದೆ. ಜಾಗ ಖಾಲಿ ಉಳಿಯಲು ಅದೇ ಕಾರಣ.

ಅಂಕಿಗಳನ್ನು ಹೆಚ್ಚು ಕೊಟ್ಟು ಓದುಗರನ್ನು ದಣಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 19.5 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು, ಅವರಲ್ಲಿ 8.4 ಮಂದಿ ತೀವ್ರವಾಗಿ ಸೊರಗಿದವರು. ಇವರಿಗಾಗಿ ಸರಕಾರ ಎತ್ತಿಟ್ಟದ್ದೇನು? 2017ರಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿದ ದರದಂತೆ ಅಂಗನವಾಡಿಯ ಮಗುವಿಗೆ ದಿನಕ್ಕೆ ಎಂಟು ರೂಪಾಯಿ, ತೀವ್ರ ಅಪೌಷ್ಟಿಕ ಮಗುವಿಗೆ ಹನ್ನೆರಡು ರೂಪಾಯಿ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಕಸಭೆಯಲ್ಲಿ ಹೇಳಿದಾಗ, ಇಲ್ಲ, ಹದಿನೈದಾಣೆ ಎಂದು ಪ್ರಧಾನಮಂತ್ರಿಗಳು ವಾದಿಸಿದರು. ಆಗ ಸರಕಾರ ಲೆಕ್ಕ ಒಪ್ಪಲಿಲ್ಲ. ಈ ಎಂಟು ರೂಪಾಯಿಯ ಲೆಕ್ಕವನ್ನಂತೂ ಸರಕಾರ ತಾನೇ ಬರೆದು ಸಹಿ ಹಾಕಿದೆ. ಸಂತೆಯಲ್ಲಿ ಒಂದು ತತ್ತಿ ಕೊಂಡರೆ ಅದರಲ್ಲಿ ಉಳಿಯುವುದು ಚಿಲ್ಲರೆ.

ತತ್ತಿಯ ಮಾತು ಬಂದಿತೆಂದು ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಾಪುರದ ಶಾಲೆಗಳಲ್ಲಿ ತತ್ತಿ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ಎಷ್ಟು ಗದ್ದಲವೆಬ್ಬಿಸಿದರು! ಒಲ್ಲದ ಮಗುವಿಗೆ ಬಾಳೆಹಣ್ಣು ಇತ್ತು. ಯಾರ ಬಾಯಿಗೂ ಯಾರೂ ತುರುಕಲಿಲ್ಲ. ಮಠಗಳ ದಾಸೋಹ ಎಷ್ಟೋ ಬಡಮಕ್ಕಳನ್ನು ಸಾಕಿ ಓದಿಸಿದೆ, ಅದನ್ನು ನಾವು ಮರೆತಿಲ್ಲ. ಅದೇ ಪರಂಪರೆಯವರು ಹಸಿದ ಕೂಸಿನ ತಾಟಿನ ಮೇಲೆ ಕೈಯಿಟ್ಟದ್ದನ್ನೂ ಮರೆಯುವುದಿಲ್ಲ.

ತತ್ತಿ ಬೇಡವೆನ್ನುವವರಿಗೆ ನಮ್ಮ ನೆಲ ಬೇರೆ ದಾರಿಯನ್ನೂ ಕೊಟ್ಟಿದೆ. ಢಾಕಾ ನಗರದ ಮೀರಪುರದ ಕೊಳಗೇರಿಯ, ಮಧ್ಯಮ ಪ್ರಮಾಣದಲ್ಲಿ ಸೊರಗಿದ 123 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಡಲೆ ಹಿಟ್ಟು, ಸೋಯಾ ಹಿಟ್ಟು, ಅರೆದ ಶೇಂಗಾ, ಬಾಳೆಕಾಯಿ, ಈ ನಾಲ್ಕನ್ನು ಮುಖ್ಯವಾಗಿ ಸೇರಿಸಿ ತಯಾರಿಸಿದ ಆಹಾರ, ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಬೆಳೆಸುವ ಉದ್ದೇಶದ್ದು. ಅದಕ್ಕಿಂತ ಹೆಚ್ಚು ಶಕ್ತಿಯಂಶವಿದ್ದ ಸಿದ್ಧ ಆಹಾರ ಉಂಡ ಮಕ್ಕಳಿಗಿಂತ ಇದನ್ನು ಉಂಡ ಮಕ್ಕಳ ತೂಕವೇ ಚೆನ್ನಾಗಿ ಏರಿತು. ಈ ನಾಲ್ಕರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಬೆಳೆಯದಿರುವುದು ಯಾವುದು? ಸೋಯಾ ಅಂತೂ ಇಲ್ಲಿ ಮುಂಗಾರಿನ ದೊಡ್ಡ ಬೆಳೆ. ಅದು ರಾಶಿಯಾಗಿ ವ್ಯಾಪಾರಿಗೆ ಹೋಗುತ್ತದೆ, ಎಣ್ಣೆ ಗಿರಣಿಗೆ ಹೋಗುತ್ತದೆ, ಹಿಂಡಿ ಕೋಳಿಗೆ ಹೋಗುತ್ತದೆ. ಕೋಳಿಗೆ ಪ್ರೋಟೀನು ಬೇಕೆಂದು ಗೊತ್ತಿರುವ ನಾಡು ಇದು. (ಹಸಿ ಸೋಯಾ ಬೀಸಿ ಕೂಸಿಗೆ ಯಾರೂ ಕೊಡಬೇಡಿ, ಚೆನ್ನಾಗಿ ಹುರಿದೋ ಬೇಯಿಸಿಯೋ ಕೊಡದಿದ್ದರೆ ಹೊಟ್ಟೆ ಕೆಡುತ್ತದೆ.)

ಆದರೆ ಯಾವ ಆಹಾರವೇ ಆಗಲಿ, ಪಟ್ಟಿಯಲ್ಲಿ ಹೆಸರಿದ್ದ ಕೂಸಿಗೆ ತಾನೇ ಸಿಗುವುದು? ಕಬ್ಬು ಕಡಿಯುವವರ ಕೂಸಿನ ಹೆಸರು ಅದರ ಊರಿನ ಅಂಗನವಾಡಿಯಲ್ಲಿರುತ್ತದೆ, ಕೂಸು ಇಲ್ಲಿರುತ್ತದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲಿನ ಲೆಕ್ಕದಲ್ಲಿ ಒಂದೂರಿನ ಮಗುವನ್ನು ಇನ್ನೊಂದೂರಿಗೆ ವರ್ಗಾಯಿಸಲು ಅನುಕೂಲವಿದೆ. ಮೊಬೈಲಿನಲ್ಲಿ ಅನುಕೂಲವಿದೆ ಎಂದರೆ ಗುಡಿಸಲಿಗೆ ಪಡಿ ಬಂತೆಂದಲ್ಲ. ನಾನು ಹೇಳಿದ ಆ ತಾಯಿಯನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗೆಂದರು. ಕೂಸಿನೊಂದಿಗೆ ಎರಡು ವಾರ ಅಲ್ಲಿರಬೇಕು. ಸಂಕೇಶ್ವರದಿಂದ ಬೆಳಗಾವಿ ಸುಮಾರು ಐವತ್ತು ಕಿಲೋಮೀಟರು, ದೂರ ದೊಡ್ಡದಲ್ಲ. ಆದರೆ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಸೇರಿ ಒಂದು ಜೋಡಿ, ಒಂದು ಕೊಯ್ತಾ. ಒಬ್ಬರು ನಿಂತರೆ ಇನ್ನೊಬ್ಬರ ಕೆಲಸವೂ ನಿಂತಂತೆ. ಮುಕಾದಮನಿಂದ ಪಡೆದ ಮುಂಗಡ ತೀರಬೇಕು, ತಪ್ಪಿಸಿದ ದಿನಕ್ಕೆ ದಂಡ ಬೇರೆ. "ಇನ್ನ ಎರಡ ಮಕ್ಕಳು ಗುಡಸಲದಾಗ ಅದಾವ್ರೀ ಅಣ್ಣಾರ. ನಾ ಅಲ್ಲಿ ಕುಂತ್ರ ಇವಕ್ಕ ರೊಟ್ಟಿ ಬಡಿಯೋರ್ಯಾರು?" ಎಂದು ಆಕೆ ನನ್ನನ್ನೇ ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಆಕೆ ಹೋಗಲಿಲ್ಲ. ಹತ್ತು ದಿನದಲ್ಲಿ ಗ್ಯಾಂಗು ಬೇರೆ ಶಿವಾರಕ್ಕೆ ಹೊರಟುಹೋಯಿತು.

ಕೂಸಿನ ರಟ್ಟೆಯ ಸುತ್ತಳತೆ ನೋಡುವ ಪಟ್ಟಿಯೊಂದು ಅಂಗನವಾಡಿಗಳಲ್ಲಿ, ಆಶಾ ಕಾರ್ಯಕರ್ತೆಯರ ಚೀಲಗಳಲ್ಲಿ ಇರುತ್ತದೆ. ಆರು ತಿಂಗಳು ತುಂಬಿದ, ಐದು ವರ್ಷ ಮೀರದ ಮಗುವಿನ ರಟ್ಟೆ 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ, ಇಲ್ಲವೆ ಎರಡೂ ಪಾದಗಳಲ್ಲಿ ಬಾವಿದ್ದರೆ, ತೀವ್ರ ಅಪೌಷ್ಟಿಕತೆ. ತಕ್ಕಡಿಯೂ ಬೇಡ, ಜ್ವರ ಬರುವ ತನಕ ಕಾಯುವುದೂ ಬೇಡ. ಹಂಗಾಮಿನ ಮೊದಲ ವಾರದಲ್ಲಿಯೇ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಪ್ರತಿಯೊಂದು ಗ್ಯಾಂಗಿನ ಗುಡಿಸಲಿಗೂ ಈ ಪಟ್ಟಿ ಹೋಗಬೇಕು. ಗಾಣಕ್ಕೆ ಬರುವ ಪ್ರತಿ ಟನ್ ಕಬ್ಬಿನ ತೂಕವನ್ನೂ ಬರೆದಿಟ್ಟುಕೊಳ್ಳುವ ಕಾರಖಾನೆಗಳು ತಮಗಾಗಿ ಕಡಿಯುವವರ ಮಕ್ಕಳ ಪಟ್ಟಿಯನ್ನು ಆರೋಗ್ಯ ಇಲಾಖೆಗೆ ಕೊಡಬೇಕು. ತಾಯಿ ಕೇಂದ್ರದಲ್ಲಿ ಉಳಿಯುವ ದಿನಗಳಿಗೆ ಗಂಡ-ಹೆಂಡತಿ ಇಬ್ಬರ ಪೂರ್ತಿ ಕೂಲಿ ಸಲ್ಲಬೇಕು, ಮುಕಾದಮನ ದಂಡ ನಿಲ್ಲಬೇಕು, ಉಳಿದ ಮಕ್ಕಳನ್ನೂ ಜೊತೆಗಿಟ್ಟುಕೊಳ್ಳಲು ಬಿಡಬೇಕು. ಬಿಡುಗಡೆಯ ಚೀಟಿಯಲ್ಲಿ ತೂಕ ಮತ್ತು ರಟ್ಟೆಯ ಅಳತೆ ಬರೆಯದೆ ಯಾವ ಕೂಸನ್ನೂ ದವಾಖಾನೆಯಿಂದ ಕಳಿಸಕೂಡದು. ಸತ್ತ ಕೂಸಿನ ನಮೂನೆಯ ಎರಡನೆಯ ಭಾಗ ಖಾಲಿಯಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳು ಅದನ್ನು ಹಿಂದಕ್ಕೆ ಕಳಿಸಿ, ಅಪೌಷ್ಟಿಕತೆ ಇತ್ತೋ ಇಲ್ಲವೋ ಎಂದು ಕೇಳಬೇಕು.

ಈ ಬೇಡಿಕೆಗಳ ಮನವಿಯನ್ನು ಹಂಗಾಮಿಗೆ ಮುಂಚೆಯೇ ತಹಶೀಲ್ದಾರರಿಗೂ ಆರೋಗ್ಯಾಧಿಕಾರಿಗಳಿಗೂ ಕೊಡಲಿದ್ದೇವೆ. ನಮ್ಮ ಲೆಕ್ಕ ಅವರ ಲೆಕ್ಕಕ್ಕಿಂತ ಗಟ್ಟಿಯಾಗಿರಬೇಕು. ಓದುಗರು ತಮ್ಮ ತಮ್ಮ ಊರಿನ ಶಿವಾರದಲ್ಲಿ ಎಷ್ಟು ಗ್ಯಾಂಗುಗಳು ಇಳಿದಿವೆ, ಎಷ್ಟು ಗುಡಿಸಲು, ಅವುಗಳಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟು, ಹತ್ತಿರದ ಅಂಗನವಾಡಿಯಿಂದ ಅವರಿಗೆ ಪಡಿ ಬರುತ್ತಿದೆಯೋ ಇಲ್ಲವೋ ಎಂಬುದನ್ನು ನೋಡಿ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ಕಚೇರಿಗೆ ಕಳಿಸಬೇಕು. ಮಕ್ಕಳ ಹೆಸರು ಬೇಡ. ಊರು, ಹೊಲದ ಗುರುತು, ಸಂಖ್ಯೆ ಇಷ್ಟಿದ್ದರೆ ಸಾಕು.